ಕಿವಿ ಮೆಷಿನ್, ಕಾಕ್ಲಿಯರ್ ಇಂಪ್ಲಾಂಟ್: ವಿಮೆ ಯಾವುದಕ್ಕೆ ಕೊಡುತ್ತೆ, ಯಾವುದಕ್ಕೆ ಕೊಡಲ್ಲ

ಈ ವಾರ ಹುಣಸೆ ಕಸಿ ಬಗ್ಗೆ ಬರೀತೀನಿ ಅಂತ ಹೋದ ವಾರ ಹೇಳಿದ್ದೆ. ಅದನ್ನ ಮುಂದಿನ ವಾರಕ್ಕೆ ಇಟ್ಟುಕೊಂಡಿದೀನಿ. ಕಾರಣ ಇದೆ, ಓದಿ.

ಹತ್ತು ದಿನದ ಹಿಂದೆ ಕೊರಟಗೆರೆ ಕಡೆ ಒಬ್ಬ ರೈತರ ಅಡಿಕೆ ತೋಟಕ್ಕೆ ಹೋಗಿದ್ದೆ. ಹಿಂಗಾರ ಒಣಗ್ತಿದೆ, ಬಂದು ನೋಡಿ ಅಂತ ಕರೆದಿದ್ರು. ತೋಟ ಸುತ್ತಿ ಬಂದು ಜಗಲಿ ಮೇಲೆ ಕೂತು ಕಾಫಿ ಕುಡೀತಿದ್ವು. ಪಕ್ಕದಲ್ಲೇ ಚಾಪೆ ಮೇಲೆ ಅವರ ಮಗ ಮಲಗಿದ್ದ, ಒಂದು ವರ್ಷ ಮೂರು ತಿಂಗಳ ಕೂಸು. ಯಾರೋ ದಾರಿಯಲ್ಲಿ ಹೋದ್ರು ಅಂತ ನಾಯಿ ಅವನ ತಲೆ ಹತ್ತಿರವೇ ನಿಂತು ಒಂದೇ ಸಮ ಬೊಗಳಿತು. ಮಗು ಅಲ್ಲಾಡಲಿಲ್ಲ.

ನಾನು ಅವರ ಮುಖ ನೋಡಿದೆ. "ಗೊತ್ತು ಸಾರ್, ತೋರಿಸಿದೀವಿ. ಎರಡು ಕಿವೀನೂ ಇಲ್ಲವಂತೆ. ಒಳಗೆ ಮೆಷಿನ್ ಇಡಬೇಕಂತೆ, ಎಂಟು ಲಕ್ಷದ ಮಾತು" ಅಂದ್ರು. ಆಮೇಲೆ ಸ್ವಲ್ಪ ಧೈರ್ಯದಲ್ಲೇ, "ಇನ್ಶೂರೆನ್ಸ್ ಇದೆ ಬಿಡಿ. ವರ್ಷಕ್ಕೆ ಹದಿನಾರು ಸಾವಿರ ಕಟ್ತಿದೀನಿ. ಏಜೆಂಟು ಎಲ್ಲಾ ಕವರ್ ಆಗುತ್ತೆ ಅಂದಿದಾನೆ. ಅದಾಗಲಿಲ್ಲ ಅಂದ್ರೆ ಹಸು ಎರಡು ಕೊಟ್ಟು, ಮೇಲಿನ ತೋಟ ಭೋಗ್ಯಕ್ಕೆ ಹಾಕೋದು" ಅಂದ್ರು.

"ಅಣ್ಣ, ಪಾಲಿಸಿ ಕಾಗದ ಇದ್ರೆ ತನ್ನಿ" ಅಂದೆ. ಬೀರುವಿನಿಂದ ಪ್ಲಾಸ್ಟಿಕ್ ಕವರಿನ ಸಮೇತ ತಂದ್ರು. ಮೊದಲ ಪುಟದಲ್ಲಿ ಇರೋದನ್ನ ಎಲ್ಲರೂ ಓದ್ತಾರೆ, ಐದು ಲಕ್ಷ ಅಂತ ದಪ್ಪ ಅಕ್ಷರದಲ್ಲಿ ಇರುತ್ತೆ. ನಾನು ಹಿಂದಿನಿಂದ ಓದಿದೆ. ಅಲ್ಲಿತ್ತು: ಕನ್ನಡಕ, ಶ್ರವಣ ಸಾಧನ, ಊರುಗೋಲು ಇಂಥವಕ್ಕೆ ಹಣ ಇಲ್ಲ. ಇನ್ನೊಂದು ಕಡೆ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷ ಕಾಯಬೇಕು. ಪಾಲಿಸಿ ಮಾಡಿಸಿ ಒಂದು ವರ್ಷವೂ ಆಗಿಲ್ಲ.

ಇದನ್ನ ಓದೋಕೆ ನನಗೆ ಯಾರೂ ಕ್ಲಾಸ್ ತಗೊಂಡಿಲ್ಲ. ತೋಟಗಾರಿಕೆ ಕಾಲೇಜಲ್ಲಿ ಕಲಿಸಿದ್ದು ಗಿಡದ ಕಾಯಿಲೆ ಮಾತ್ರ. ನಮ್ಮ ಮನೇಲೇ ಆಯ್ತು, ಅದಕ್ಕೇ ಗೊತ್ತು.

ಅಕ್ಕನ ಮಗಳ ಕಥೆ

ನಮ್ಮ ಅಕ್ಕನನ್ನ ಕೊಟ್ಟಿರೋದು ಸಿರಾ ತಾಲ್ಲೂಕಿಗೆ. ಭಾವ ಬೇರೆ ಯಾರೂ ಅಲ್ಲ, ನಮ್ಮಮ್ಮನ ಸ್ವಂತ ತಮ್ಮ. ನಾನು ಈಗಲೂ ಮಾವ ಅಂತಲೇ ಕರೆಯೋದು. ನಮ್ಮ ಕಡೆ ಇದು ಹೊಸದಲ್ಲ, ಸೋದರಮಾವನಿಗೆ ಕೊಡೋದು, ಅತ್ತೆ ಮಗನಿಗೆ ಕೊಡೋದು ಮಧುಗಿರಿ, ಪಾವಗಡದ ಪ್ರತಿ ಊರಲ್ಲೂ ಇದೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಆದಾಗ ಹುಟ್ಟುಕಿವುಡಿನ ಸಾಧ್ಯತೆ ಜಾಸ್ತಿ. ಕಿವುಡಿಗೆ ಕಾರಣವಾದ ದೋಷ ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಪಾಲು ಅಡಗಿರಬಹುದು, ಅವರಿಬ್ಬರಿಗೂ ಕಿವಿ ಚೆನ್ನಾಗೇ ಕೇಳುತ್ತೆ, ಎರಡೂ ಪಾಲು ಮಗುವಿಗೆ ಸೇರಿದಾಗ ಕೇಳಿಸಲ್ಲ. ಒಂದೇ ತಳಿಯ ಗಿಡವನ್ನ ತನ್ನೊಳಗೇ ಪರಾಗಸ್ಪರ್ಶ ಮಾಡಿಸ್ತಾ ಹೋದ್ರೆ ಅಡಗಿದ ಕುಂದು ಮೇಲೆ ಬರುತ್ತಲ್ಲ, ಹಾಗೇ. ಇದನ್ನ ಬರೆದಿದ್ದಕ್ಕೆ ಮನೇಲಿ ಬೈಸಿಕೊಳ್ತೀನಿ, ಇರಲಿ. ಸಂಬಂಧದಲ್ಲಿ ಮದುವೆ ಆಗಿರೋ ಮನೇಲಿ ಮಗು ಹುಟ್ಟಿದ್ರೆ ಕಿವಿ ಪರೀಕ್ಷೆಯನ್ನ ಯಾರೂ ಹೇಳೋವರೆಗೂ ಕಾಯದೆ ಮಾಡಿಸಬೇಕು.

ನಾವು ಕಾದ್ವು. ದೀಪಾವಳಿಯ ಪಟಾಕಿಗೆ ಪುಟ್ಟಿ ಬೆಚ್ಚಲಿಲ್ಲ ಅಂದ್ರೆ "ಗಟ್ಟಿ ಮಗು" ಅಂದ್ವು. ವರ್ಷವಾದ್ರೂ ಅಮ್ಮ ಅನ್ನಲಿಲ್ಲ ಅಂದ್ರೆ ನಮ್ಮ ಅಜ್ಜಿ, "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು ಕಣ್ರೋ, ಸುಮ್ಮನಿರಿ" ಅಂದ್ರು. ಕೊನೆಗೆ ಅಂಗನವಾಡಿಗೆ ಬಂದ ಡಾಕ್ಟರ್ ತಂಡ ಹಿಡಿದಿದ್ದು. ಅದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಗಾಡಿ, 2013ರಿಂದ ಇದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಅವರು ನೋಡೋ ಪಟ್ಟಿಯಲ್ಲಿ ಹುಟ್ಟುಕಿವುಡು ಇದೆ. ಅವರು ಬಂದ ದಿನ ಮಗುವನ್ನ ಹೊಲಕ್ಕೆ ಕರ್ಕೊಂಡು ಹೋಗಬೇಡಿ ಅಂತ ನಾನು ಈಗ ಎಲ್ಲ ಅಕ್ಕಂದಿರಿಗೂ ಹೇಳ್ತಿರ್ತೀನಿ.

ಅಲ್ಲಿಂದ ತುಮಕೂರು, ತುಮಕೂರಿಂದ ಮೈಸೂರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಜನ ಆಯಿಷ್ ಅಂತಾರೆ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿ ಮಗುವನ್ನ ಮಲಗಿಸಿ ಬೇರಾ ಅನ್ನೋ ಪರೀಕ್ಷೆ ಮಾಡಿದ್ರು. ತಲೆಗೆ ವೈರ್ ಅಂಟಿಸಿ, ಕಿವಿಗೆ ಶಬ್ದ ಕೊಟ್ಟು, ಆ ಶಬ್ದ ನರದಲ್ಲಿ ಮೆದುಳಿನ ಕಡೆ ಹೋಗ್ತಿದೆಯಾ ಅಂತ ನೋಡೋದು. ಮಗು ಉತ್ತರ ಹೇಳಬೇಕಾಗಿಲ್ಲ, ಆದ್ದರಿಂದ ಹುಟ್ಟಿದ ಕೂಸಿಗೂ ಮಾಡಬಹುದು. ಎರಡೂ ಕಿವಿಯಲ್ಲಿ ತೀವ್ರ ಕಿವುಡು ಅಂತ ಬಂತು. ಆಗ ಪುಟ್ಟಿಗೆ ಎರಡು ವರ್ಷ.

ಮಾವ ಅವಳು ನಾಲ್ಕು ತಿಂಗಳ ಕೂಸಿದ್ದಾಗ ಖಾಸಗಿ ಕಂಪನಿಯ ಆರೋಗ್ಯ ವಿಮೆ ಮಾಡಿಸಿದ್ರು. ದಾಳಿಂಬೆಗೆ ಆ ವರ್ಷ ರೇಟು ಸಿಕ್ಕಿತ್ತು. ಆ ಧೈರ್ಯದಲ್ಲಿ ಕಂಪನಿಗೆ ಅರ್ಜಿ ಹಾಕಿ ಕೂತ್ವು. ಒಂದು ಕಾಗದ ಕೊಟ್ರೆ ಇನ್ನೊಂದು ಕೇಳೋರು. ಐದು ತಿಂಗಳು ಹೋಯ್ತು. ಕೊನೆಗೆ ಇಂಗ್ಲಿಷಲ್ಲಿ ನಾಲ್ಕು ಸಾಲಿನ ಪತ್ರ: ಹುಟ್ಟಿನಿಂದ ಬಂದದ್ದು, ಆದ್ದರಿಂದ ಮೊದಲೇ ಇದ್ದ ಕಾಯಿಲೆ, ನಾಲ್ಕು ವರ್ಷ ಕಾಯಬೇಕು. ಜೊತೆಗೆ ಕಿವಿ ಮೇಲೆ ಹಾಕಿಕೊಳ್ಳೋ ಭಾಗ ಹೊರಗಿನ ಸಾಧನ, ಅದಕ್ಕೆ ಯಾವಾಗಲೂ ಇಲ್ಲ.

ದುಡ್ಡು ಸಿಗಲಿಲ್ಲ ಅಂತ ನನಗೆ ಅಷ್ಟು ಬೇಜಾರಿಲ್ಲ. ಆ ಐದು ತಿಂಗಳು ಹೋಯ್ತಲ್ಲ, ಅದಕ್ಕೆ ಬೇಜಾರು.

ತಿಂಗಳ ಲೆಕ್ಕ ಯಾಕೆ

ಮೆದುಳು ಶಬ್ದವನ್ನ ಮಾತಾಗಿ ಅರ್ಥ ಮಾಡಿಕೊಳ್ಳೋಕೆ ಕಲಿಯೋದು ಮೊದಲ ಕೆಲವೇ ವರ್ಷಗಳಲ್ಲಿ. ಆ ಕಾಲದಲ್ಲಿ ಶಬ್ದ ಹೋಗಲಿಲ್ಲ ಅಂದ್ರೆ ಆ ಜಾಗವನ್ನ ಮೆದುಳು ಬೇರೆ ಕೆಲಸಕ್ಕೆ ಬಳಸಿಕೊಳ್ಳುತ್ತೆ. ಮುಂಗಾರು ರಾಗಿಯನ್ನ ದೀಪಾವಳಿಗೆ ಬಿತ್ತಿದ ಹಾಗೆ, ಬೀಜ ಒಳ್ಳೇದು, ಗೊಬ್ಬರ ಒಳ್ಳೇದು, ಹದ ದಾಟಿರುತ್ತೆ. ವೈದ್ಯರು ಹೇಳೋ ಲೆಕ್ಕ ಹೀಗೆ: ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಕಿವುಡು ಹೌದೋ ಅಲ್ಲವೋ ಖಚಿತ, ಆರು ತಿಂಗಳೊಳಗೆ ಕಿವಿ ಮೆಷಿನ್ ಮತ್ತು ತರಬೇತಿ ಶುರು. ಮೆಷಿನ್‌ನಿಂದ ಉಪಯೋಗ ಕಾಣಲಿಲ್ಲ ಅಂದ್ರೆ ಒಂದು ವರ್ಷದ ಆಸುಪಾಸಿನಲ್ಲೇ ಇಂಪ್ಲಾಂಟ್. ನಮ್ಮ ಪುಟ್ಟಿಗೆ ಆಗಿದ್ದು ಮೂರು ವರ್ಷ ನಾಲ್ಕು ತಿಂಗಳಿಗೆ.

ಎರಡರ ವ್ಯತ್ಯಾಸ ತಿಳ್ಕೊಳ್ಳಿ, ಯಾಕಂದ್ರೆ ವಿಮೆಯ ಜಗಳವೆಲ್ಲ ಇಲ್ಲೇ ಇದೆ. ಕಿವಿ ಮೆಷಿನ್ ಶಬ್ದವನ್ನ ದೊಡ್ಡದು ಮಾಡಿ ಕಿವಿಗೆ ಬಿಡುತ್ತೆ, ಅಷ್ಟೇ. ಒಳಗಿವಿ ಪೂರ್ತಿ ಕೆಟ್ಟಿದ್ರೆ ಎಷ್ಟು ದೊಡ್ಡದು ಮಾಡಿದ್ರೂ ಪ್ರಯೋಜನವಿಲ್ಲ. ಕಾಕ್ಲಿಯರ್ ಇಂಪ್ಲಾಂಟ್‌ನಲ್ಲಿ ಎರಡು ಭಾಗ. ಒಂದನ್ನ ಆಪರೇಷನ್ ಮಾಡಿ ಕಿವಿಯ ಹಿಂದೆ ಚರ್ಮದ ಕೆಳಗೆ ಇಡ್ತಾರೆ, ಅದರಿಂದ ಒಂದು ಸಣ್ಣ ತಂತಿ ಶಂಖದ ಆಕಾರದ ಒಳಗಿವಿಯೊಳಗೆ ಹೋಗಿ ನೇರ ನರಕ್ಕೆ ವಿದ್ಯುತ್ ಸಂಕೇತ ಕೊಡುತ್ತೆ. ಇನ್ನೊಂದು ಹೊರಗಿನ ಪ್ರೊಸೆಸರ್, ಮೈಕ್ ಮತ್ತು ಬ್ಯಾಟರಿ ಅದರಲ್ಲೇ ಇರೋದು, ಅಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುತ್ತೆ. ಡ್ರಿಪ್ ಇದ್ದ ಹಾಗೆ ಅಂದ್ಕೊಳ್ಳಿ: ಪೈಪು ಮಣ್ಣೊಳಗೆ, ಫಿಲ್ಟರು ಮೋಟರು ಮೇಲೆ. ಮೇಲಿನದು ಇಲ್ಲದೆ ಕೆಳಗಿನದಕ್ಕೆ ಅರ್ಥವಿಲ್ಲ. ಆದ್ರೆ ಕೆಲವು ವಿಮೆ ಕಂಪನಿಗಳು "ಮಣ್ಣೊಳಗಿನ ಪೈಪಿಗೆ ಮಾತ್ರ ಕೊಡ್ತೀವಿ, ಮೋಟರು ನಿಮ್ಮ ಖರ್ಚು" ಅನ್ನೋ ಥರದ ಮಾತಾಡ್ತವೆ.

ಖಾಸಗಿ ಪಾಲಿಸಿಯಲ್ಲಿ ಏನು ನೋಡಬೇಕು

ಹೊರಗೆ ಹಾಕೋ ಕಿವಿ ಮೆಷಿನ್‌ಗೆ ಸಾಮಾನ್ಯ ಆರೋಗ್ಯ ವಿಮೆ ಹಣ ಕೊಡಲ್ಲ. ಇದನ್ನ ಗಟ್ಟಿ ಮಾಡಿಕೊಂಡೇ ಮುಂದೆ ಹೋಗಿ. ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್ ಜೊತೆ ಅದೂ ಕೊಡದೇ ಇರೋ ಪಟ್ಟಿಯಲ್ಲಿದೆ. ಇಂಪ್ಲಾಂಟ್ ಹಾಗಲ್ಲ, ಅದು ಆಸ್ಪತ್ರೆಗೆ ಸೇರಿ ಮಾಡಿಸೋ ಆಪರೇಷನ್. ಕೆಲವು ಪಾಲಿಸಿ ಕೊಡ್ತವೆ, ಕೆಲವು ಇಂತಿಷ್ಟೇ ಅಂತ ಮಿತಿ ಹಾಕ್ತವೆ, ಕೆಲವು ಹೆಸರು ಹಿಡಿದೇ ಇಲ್ಲ ಅಂತವೆ. ಏಜೆಂಟರನ್ನ "ಕವರ್ ಆಗುತ್ತಾ" ಅಂತ ಕೇಳಬೇಡಿ, "ಹೊರಗಿನ ಪ್ರೊಸೆಸರ್ ಸೇರಿಸಿ ಕೊಡ್ತಾರಾ, ಯಾವ ಪುಟದಲ್ಲಿದೆ ತೋರಿಸಿ" ಅಂತ ಕೇಳಿ. ಬಾಯಿಮಾತು ಬೇಡ.

ಕಾಯೋ ಅವಧಿ ಇನ್ನೊಂದು. ಬೆಳೆ ವಿಮೆಗೆ ಕೊನೇ ದಿನಾಂಕ ಇದ್ದಂಗೆ ಇಲ್ಲೂ ದಿನಾಂಕದ ಆಟ. ಮೊದಲೇ ಇದ್ದ ಕಾಯಿಲೆಗೆ ಮುಂಚೆ ನಾಲ್ಕು ವರ್ಷದವರೆಗೂ ಕಾಯಿಸಬಹುದಿತ್ತು, 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನ ಗರಿಷ್ಠ ಮೂರು ವರ್ಷಕ್ಕೆ ಇಳಿಸಿದೆ. ಕಿವಿ ತಮಟೆ ರಿಪೇರಿ, ಕಿವಿ ಹಿಂದಿನ ಮೂಳೆ ಆಪರೇಷನ್, ಟಾನ್ಸಿಲ್ ಇಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷ ಬೇರೆ ಇರುತ್ತೆ.

ಈಗ ನಮಗೆ ಆಗ ಗೊತ್ತಿಲ್ಲದೇ ಇದ್ದ ವಿಷಯ. "ಮೊದಲೇ ಇದ್ದ ಕಾಯಿಲೆ" ಅಂದ್ರೆ ಪಾಲಿಸಿ ಮಾಡಿಸೋಕೆ ಮುಂಚೆ ವೈದ್ಯರು ಪತ್ತೆ ಹಚ್ಚಿದ್ದು, ಇಲ್ಲವೇ ಅದಕ್ಕೆ ಚಿಕಿತ್ಸೆಯೋ ಸಲಹೆಯೋ ಸಿಕ್ಕಿದ್ದು ಅಂತ ನಿಯಮದಲ್ಲಿ ಅರ್ಥ ಬರೆದಿದಾರೆ. ನಾಲ್ಕು ತಿಂಗಳ ಪುಟ್ಟಿಗೆ ಯಾರೂ ಏನೂ ಪತ್ತೆ ಹಚ್ಚಿರಲಿಲ್ಲ. ಜೊತೆಗೆ ಮೈಯೊಳಗಿನ ಹುಟ್ಟು ದೋಷವನ್ನ ಪಾಲಿಸಿಯಿಂದ ಸಾರಾಸಗಟಾಗಿ ಹೊರಗಿಡೋ ಹಾಗಿಲ್ಲ ಅಂತ ಪ್ರಾಧಿಕಾರ 2019ರಲ್ಲೇ ಹೇಳಿತ್ತು. ಕಣ್ಣಿಗೆ ಕಾಣೋ ಹುಟ್ಟು ದೋಷ, ಸೀಳುತುಟಿ ಥರದ್ದು, ಬೇರೆ. ಒಳಗಿವಿ ಕಣ್ಣಿಗೆ ಕಾಣಲ್ಲ. ಅಂದ್ರೆ ಆ ಪತ್ರದ ಮೇಲೆ ನಾವು ಗಟ್ಟಿಯಾಗೇ ಜಗಳ ಆಡಬಹುದಿತ್ತು. ಮಾವ ಪತ್ರ ಮಡಚಿ ಬೀರುವಿನಲ್ಲಿಟ್ಟರು, ನಾನೂ ಸುಮ್ಮನಾದೆ.

ನೀವು ಸುಮ್ಮನಾಗಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆದು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಅಂದ್ರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರೋ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಫೀಸಿಲ್ಲ, ಲಾಯರ್ ಬೇಕಿಲ್ಲ. ಬಿಮಾ ಭರೋಸಾ ಅನ್ನೋ ವೆಬ್‌ಸೈಟಿದೆ, 155255 ಸಹಾಯವಾಣಿ.

ಇನ್ನೊಂದು ಎಚ್ಚರ. ಮನೇಲಿ ಯಾರಿಗಾದ್ರೂ ಈಗಾಗಲೇ ಕಿವಿ ಕೇಳದು ಅಂತ ಗೊತ್ತಿದ್ದು ಹೊಸದಾಗಿ ಪಾಲಿಸಿ ಮಾಡಿಸ್ತಿದ್ರೆ, ಅದನ್ನ ಅರ್ಜಿಯಲ್ಲಿ ಬರೀಲೇಬೇಕು, ಮುಚ್ಚಿಟ್ರೆ ಮುಂದೆ ಬೇರೆ ಕ್ಲೇಮಿಗೂ ಕಲ್ಲು ಬೀಳುತ್ತೆ. ಆದ್ರೆ ಬರೆದಾಗ ಏನಾಗಬಹುದು ಅಂದ್ರೆ, ಇದ್ದ ಕಾಯಿಲೆಯನ್ನ ಶಾಶ್ವತವಾಗಿ ಹೊರಗಿಟ್ಟು ಪಾಲಿಸಿ ಕೊಡಬಹುದಾದ ಕಾಯಿಲೆಗಳದ್ದು ಅಂತ ಅದೇ 2019ರ ಸೂಚನೆಯಲ್ಲಿ ಒಂದು ಪಟ್ಟಿ ಇತ್ತು, ಕಿವುಡುತನ ಅದರಲ್ಲಿತ್ತು. ಅದಕ್ಕೆ ನಿಮ್ಮ ಒಪ್ಪಿಗೆ ಸಹಿ ಬೇಕು. ಏನಕ್ಕೆ ಸಹಿ ಹಾಕ್ತಿದೀರಿ ಅಂತ ಓದಿಸಿಕೊಂಡು ಹಾಕಿ. ಅಂಗವಿಕಲರಿಗಾಗಿಯೇ ಒಂದು ಪಾಲಿಸಿ ಎಲ್ಲ ಆರೋಗ್ಯ ವಿಮೆ ಕಂಪನಿಗಳೂ ಇಡಬೇಕು ಅಂತ 2023ರ ಫೆಬ್ರವರಿಯಲ್ಲಿ ಆದೇಶ ಆಗಿದೆ, ಅದನ್ನೂ ಕೇಳಿ ನೋಡಿ. ಅದರಿಂದ ಇಂಪ್ಲಾಂಟ್ ಸಿಗುತ್ತೆ ಅಂತ ತಿಳ್ಕೋಬೇಡಿ, ಬೇರೆ ಕಾಯಿಲೆಗೆ ಆಸ್ಪತ್ರೆ ಖರ್ಚಿಗಾದ್ರೂ ಆಗುತ್ತೆ.

ಬ್ಯಾಂಕಿನವರು ಇಪ್ಪತ್ತು ರೂಪಾಯಿ ಮುರ್ಕೊಂಡು ಮಾಡ್ತಾರಲ್ಲ, ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅದರ ಬಗ್ಗೆ ಪಾವಗಡದಿಂದ ಒಬ್ಬರು ಕೇಳಿದ್ರು. ಅದು ಅಪಘಾತಕ್ಕೆ. ಕಣ್ಣು, ಕೈ, ಕಾಲು ಹೋದ್ರೆ ಉಂಟು, ಕಿವಿ ಆ ಪಟ್ಟಿಯಲ್ಲೇ ಇಲ್ಲ. ನಿರಾಮಯ ಅಂತ ಇನ್ನೊಂದು ಹೇಳ್ತಾರೆ, ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯದವರಿಗೆ. ಕಿವುಡು ಒಂದೇ ಇದ್ರೆ ಬರಲ್ಲ. ನಾವು ಅದಕ್ಕೂ ಅಲೆದಿದ್ವು.

ಸರ್ಕಾರದ ದಾರಿ, ಇದೇ ಮೊದಲು

ಕಂಪನಿಯ ಉತ್ತರಕ್ಕೆ ಕಾಯ್ತಾ ಕೂರಬೇಡಿ ಅನ್ನೋದೇ ನಾನು ಈ ಲೇಖನ ಬರೆಯೋಕೆ ಕಾರಣ. ಅರ್ಜಿ ಅಲ್ಲೂ ಇರಲಿ, ಅದೇ ವಾರ ಇಲ್ಲೂ ಹಾಕಿ.

ಕರ್ನಾಟಕದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಉಚಿತವಾಗಿ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸೋ ಶ್ರವಣ ಸಂಜೀವಿನಿ ಅನ್ನೋ ಕಾರ್ಯಕ್ರಮ ಇದೆ. ಇದಕ್ಕೆ ಬಾಗಿಲು ಅಂದ್ರೆ ಅಂಗನವಾಡಿಗೆ ಬರೋ ಅದೇ ಬಾಲ ಸ್ವಾಸ್ಥ್ಯ ತಂಡ ಮತ್ತು ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗ. ಮಧುಗಿರಿಯಲ್ಲೋ ಸಿರಾದಲ್ಲೋ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಾಲ ಸ್ವಾಸ್ಥ್ಯದ ಡಾಕ್ಟರ್ ಯಾರು ಅಂತ ಕೇಳಿ, ಅವರ ಕೈಯಲ್ಲಿ ರೆಫರ್ ಚೀಟಿ ಬರೆಸಿಕೊಂಡು ತುಮಕೂರಿಗೆ ಹೋಗಿ. ನೇರವಾಗಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದ್ರೆ ಅವರು ಮೊದಲು ರೇಟು ಹೇಳ್ತಾರೆ, ಯೋಜನೆ ಆಮೇಲೆ.

ಎರಡನೇ ದಾರಿ ಕೇಂದ್ರದ ಎಡಿಪ್ ಯೋಜನೆ, ಅಂಗವಿಕಲರಿಗೆ ಸಾಧನ ಸಲಕರಣೆ ಕೊಡೋದು. ಇದರಲ್ಲಿ ಇಂಪ್ಲಾಂಟ್ ವಿಭಾಗವನ್ನ ನೋಡಿಕೊಳ್ಳೋದು ಮುಂಬೈನ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ. ಹುಟ್ಟುಕಿವುಡಿನ ಮಕ್ಕಳಿಗೆ ಐದು ವರ್ಷದೊಳಗೆ ಆಗಬೇಕು, ಮನೆಯ ಆದಾಯಕ್ಕೆ ಮಿತಿ ಇದೆ. ಮಾತು ಕಲಿತ ಮೇಲೆ ಕಿವಿ ಹೋದ ಮಕ್ಕಳಿಗೆ ವಯಸ್ಸಿನ ಲೆಕ್ಕ ಬೇರೆ. ನಾಲ್ಕೂವರೆ ವರ್ಷದ ಮಗುವನ್ನ ಕರ್ಕೊಂಡು ಹೋಗಿ ಸಾಲಿನಲ್ಲಿ ನಿಂತ್ರೆ ಸರದಿ ಬರೋ ಹೊತ್ತಿಗೆ ವಯಸ್ಸು ದಾಟಿರುತ್ತೆ, ಅದಕ್ಕೇ ಬೇಗ ಅಂತ ಬಡ್ಕೊಳ್ತಿರೋದು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ನಿಮಗೆ ಗೊತ್ತಿರೋದೇ. 2018ರಲ್ಲಿ ಬಂತು. ಬಿಪಿಎಲ್ ಕಾರ್ಡಿನವರಿಗೆ ಮನೆಗೆ ವರ್ಷಕ್ಕೆ ಐದು ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡ 30ರಷ್ಟು, ಅದೂ ಒಂದೂವರೆ ಲಕ್ಷ ಮೀರದ ಹಾಗೆ. ನಮ್ಮ ಕಡೆ ಮಕ್ಕಳಿಗೆ ಬಹಳ ಆಗೋದು ಕಿವಿ ಸೋರೋದು. ಸೋರಿ ಸೋರಿ ತಮಟೆ ತೂತಾಗಿ ಕೇಳಿಸೋದು ಕಮ್ಮಿ ಆಗುತ್ತೆ. ಇದಕ್ಕೆ ಇಂಪ್ಲಾಂಟ್ ಬೇಕಾಗಿಲ್ಲ, ತಮಟೆ ರಿಪೇರಿ ಮಾಡೋ ಆಪರೇಷನ್ ಸಾಕು, ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತೆ. ಸೋರೋ ಕಿವಿಗೆ ಬೆಳ್ಳುಳ್ಳಿ ಎಣ್ಣೆ, ಸೊಪ್ಪಿನ ರಸ ಬಿಡೋದನ್ನ ಮಾತ್ರ ನಿಲ್ಲಿಸಿ. ನಾನು ಸಾವಯವದವನೇ, ಎಲ್ಲಕ್ಕೂ ಸೊಪ್ಪಿನ ಕಷಾಯ ಹೇಳೋನು, ಆದ್ರೆ ಅದು ಗಿಡಕ್ಕೆ.

ಇಲ್ಲಿ ನಾವು ಮಾಡಿದ ತಪ್ಪೊಂದು ಹೇಳ್ತೀನಿ. ಪುಟ್ಟಿ ಹೆಸರನ್ನ ರೇಷನ್ ಕಾರ್ಡಿಗೆ ಸೇರಿಸಿರಲಿಲ್ಲ. "ಐದು ಕೆಜಿ ಅಕ್ಕಿಗೆ ಯಾರು ಓಡಾಡ್ತಾರೆ" ಅಂತ ಮಾವ ಬಿಟ್ಟಿದ್ರು. ಆಸ್ಪತ್ರೆಯಲ್ಲಿ ಕಾರ್ಡ್ ಕೇಳಿದಾಗ ಅಪ್ಪ, ಅಮ್ಮ, ಅಜ್ಜಿ ಇದಾರೆ, ಮಗು ಇಲ್ಲ. ಮಗುವಿನ ಆಧಾರ್ ಮಾಡಿಸಿ, ಕಾರ್ಡಿಗೆ ಸೇರಿಸಿ ವಾಪಸ್ ಹೋಗೋ ಹೊತ್ತಿಗೆ ಮತ್ತೆ ತಿಂಗಳುಗಳು ಹೋದ್ವು. ಮನೇಲಿ ಕೂಸು ಇದ್ರೆ ಇವತ್ತೇ ಕಾರ್ಡ್ ತೆಗೆದು ನೋಡಿ.

ಯಶಸ್ವಿನಿ ಬಗ್ಗೆ ಬಹಳ ಜನ ಕೇಳ್ತಾರೆ, ಯಾಕಂದ್ರೆ ಅದು ನಮ್ಮದೇ, ಸೊಸೈಟಿ, ಡೇರಿ ಸದಸ್ಯರದ್ದು. 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಶುರುವಾಯ್ತು. ಮತ್ತೆ ಶುರುವಾದಾಗ ಹಳ್ಳಿಯಲ್ಲಿ ನಾಲ್ಕು ಜನರ ಮನೆಗೆ 500 ರೂಪಾಯಿ, ಮೇಲಿನ ಒಬ್ಬೊಬ್ಬರಿಗೆ 100, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ಅಂತ ಮಾಡಿದ್ರು. ವರ್ಷಕ್ಕೆ ಐದು ಲಕ್ಷದವರೆಗೆ. ಮಾಡಿಸಿಕೊಳ್ಳಿ, ಆ ದುಡ್ಡಿಗೆ ಇಷ್ಟು ಬೇರೆಲ್ಲೂ ಸಿಗಲ್ಲ. ಆದ್ರೆ ಅದು ಪಟ್ಟಿಯಲ್ಲಿರೋ ಚಿಕಿತ್ಸೆಗಷ್ಟೇ. ಹಳೇ ಯಶಸ್ವಿನಿಯಲ್ಲಂತೂ ಮೈಯೊಳಗೆ ಇಡೋ ಸಾಧನಗಳ ಖರ್ಚು ಸೇರಿರಲಿಲ್ಲ. ಇಂಪ್ಲಾಂಟ್ ಅದರಿಂದ ಆಗುತ್ತೆ ಅಂತ ನಂಬಿಕೊಂಡು ಕೂರಬೇಡಿ, ಆಸ್ಪತ್ರೆಯ ಯಶಸ್ವಿನಿ ಕೌಂಟರಿನಲ್ಲಿ ಚಿಕಿತ್ಸೆ ಹೆಸರು ಹೇಳಿ ಕೇಳಿಕೊಳ್ಳಿ.

ಬರೀ ಕಿವಿ ಮೆಷಿನ್ ಸಾಕು ಅಂದವರಿಗೆ ದಾರಿ ಸುಲಭ. ನಮ್ಮ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಶಾಲೆಗೆ ಹೋಗೋ ಮಕ್ಕಳಿಗೆ ಬಿಇಒ ಕಚೇರಿಯ ಸಮನ್ವಯ ಶಿಕ್ಷಣದವರು ಶಿಬಿರ ಮಾಡಿ, ಅಲಿಮ್ಕೊ ಸಂಸ್ಥೆಯ ಮೆಷಿನ್ ಕೊಡಿಸ್ತಾರೆ. ಹೆಡ್‌ಮಾಸ್ಟರ್ ಹತ್ತಿರ ಹೆಸರು ಬರೆಸಿ. 60 ದಾಟಿದ ಬಿಪಿಎಲ್ ಹಿರಿಯರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ, ಕನ್ನಡಕ, ಹಲ್ಲುಸೆಟ್ಟು, ಊರುಗೋಲಿನ ಜೊತೆ ಕಿವಿ ಮೆಷಿನ್ನೂ ಕೊಡ್ತಾರೆ. ನಮ್ಮಪ್ಪನಿಗೆ ಜಾತ್ರೆಯಲ್ಲಿ ಸಾವಿರ ರೂಪಾಯಿಗೆ ಸಿಕ್ಕ ಮೆಷಿನ್ ತಂದುಕೊಟ್ಟಿದ್ದೆ, ನಾಯಿ ಕೂಗಿದ್ದೂ ಮೊಮ್ಮಗಳು ಕರೆದಿದ್ದೂ ಒಂದೇ ಸಮ ಕಿವಿಗೆ ಬಡಿಯುತ್ತೆ ಅಂತ ಬಿಸಾಕಿದ್ರು. ಪರೀಕ್ಷೆ ಮಾಡಿ, ಅವರ ಕಿವಿಗೆ ಎಷ್ಟು ಬೇಕೋ ಅಷ್ಟಕ್ಕೆ ಹೊಂದಿಸಿ ಕೊಟ್ಟ ಮೆಷಿನ್ನೇ ಬೇಕು.

ಯಾವ ದಾರಿಗೇ ಹೋಗಿ, ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಅಂತಾರೆ, ಅದನ್ನ ಮಾಡಿಸಿ. 2016ರ ಕಾಯ್ದೆ ಪ್ರಕಾರ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ನಷ್ಟ ಇದ್ರೆ ಮಂದ ಶ್ರವಣ, 70 ದಾಟಿದ್ರೆ ಕಿವುಡು. ಒಂದೇ ಕಿವಿ ಹೋಗಿದ್ರೆ ಈ ಲೆಕ್ಕಕ್ಕೆ ಬರಲ್ಲ. ಅರ್ಜಿ ತುಂಬೋಕೆ ಸೈಬರ್ ಸೆಂಟರಿಗೆ ದುಡ್ಡು ಸುರಿಯಬೇಡಿ. ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಒಬ್ಬರಿರ್ತಾರೆ, ತಾಲ್ಲೂಕು ಪಂಚಾಯ್ತಿಯಲ್ಲಿ ಎಂಆರ್‌ಡಬ್ಲ್ಯು ಇರ್ತಾರೆ. ಅವರ ಕೆಲಸವೇ ಇದು.

ಆಪರೇಷನ್ ಆದ ಮೇಲಿನ ಖರ್ಚು

ಇದನ್ನ ಯಾವ ಬ್ರೋಷರಿನಲ್ಲೂ ದಪ್ಪಕ್ಷರದಲ್ಲಿ ಬರೆಯಲ್ಲ. ಆಪರೇಷನ್ ಆದ ದಿನ ಮಗುವಿಗೆ ಏನೂ ಕೇಳಿಸಲ್ಲ. ಗಾಯ ಆರಿ, ಕೆಲವು ವಾರದ ಮೇಲೆ ಮೆಷಿನ್ ಆನ್ ಮಾಡ್ತಾರೆ. ಅವತ್ತು ಪುಟ್ಟಿ ಅತ್ತಳು. ಅಕ್ಕನೂ ಅತ್ತಳು. ಆಮೇಲೆ ವಾರ ವಾರ ಥೆರಪಿ, ಆಗಾಗ ಮ್ಯಾಪಿಂಗ್, ಅಂದ್ರೆ ಯಾವ ಶಬ್ದಕ್ಕೆ ಎಷ್ಟು ಕರೆಂಟು ಅಂತ ಹೊಂದಿಸೋದು. ಒಂದೆರಡು ವರ್ಷವಾದ್ರೂ ನಡೀಬೇಕು. ಸಿರಾದಿಂದ ಬಸ್ಸು, ಒಂದು ದಿನದ ಕೂಲಿ, ಹಸು ಹಾಲು ಕರೆಯೋಕೆ ಇನ್ನೊಬ್ಬರು. ಇದಕ್ಕೆ ಯಾವ ವಿಮೆಯೂ ಇಲ್ಲ. ಥೆರಪಿ ಬಿಟ್ರೆ ಎಂಟು ಲಕ್ಷದ ಸಾಮಾನು ತಲೆ ಮೇಲಿನ ಕ್ಲಿಪ್ಪಷ್ಟೇ. ಅಕ್ಕ ಒಂದು ವಾರವೂ ತಪ್ಪಿಸಲಿಲ್ಲ. ಕಡಲೆಕಾಯಿ ಕೀಳೋ ದಿನವೂ ಹೋದಳು.

ಹೊರಗಿನ ಭಾಗಕ್ಕೆ ವಾರಂಟಿ ಮುಗಿದ ಮೇಲೆ ಕೇಬಲ್ಲು, ಕಾಯಿಲ್, ಬ್ಯಾಟರಿ ಎಲ್ಲ ನಮ್ಮ ತಲೆ ಮೇಲೆ. ಒಂದು ಸಲ ಕೇಬಲ್ ಹೋಗಿ ಎಂಟು ಸಾವಿರ ಕೊಟ್ವು, ಅದು ಬರೋವರೆಗೂ ಹತ್ತು ದಿನ ಪುಟ್ಟಿ ಮತ್ತೆ ಕಿವುಡಿ. ಪ್ರೊಸೆಸರ್ರೇ ಹೋದ್ರೆ ಲಕ್ಷದ ಮಾತು. ಕಳೆದುಹೋದ್ರೆ, ನೀರಿಗೆ ಬಿದ್ರೆ ಆರೋಗ್ಯ ವಿಮೆ ಕೊಡಲ್ಲ. ಆದ್ದರಿಂದ ಆಪರೇಷನ್‌ಗೆ ಮುಂಚೆಯೇ ವಾರಂಟಿ ಒಳಗಿನದಕ್ಕೆ ಎಷ್ಟು ವರ್ಷ, ಹೊರಗಿನದಕ್ಕೆ ಎಷ್ಟು ವರ್ಷ, ಬಿಡಿಭಾಗ ಎಷ್ಟು ಸೆಟ್ಟು ಕೊಡ್ತೀರಿ ಅಂತ ಬರೆಸಿಕೊಳ್ಳಿ. ಅಕ್ಕ ಈಗ ವಾರ ವಾರ ಹಾಲಿನ ಬಟವಾಡೆಯಲ್ಲಿ ಇನ್ನೂರು ರೂಪಾಯಿ ಇದಕ್ಕೆ ಅಂತಲೇ ತೆಗೆದಿಡ್ತಾಳೆ.

ಹೊಲದ ಮನೆಗೆ ಒಂದೆರಡು ಮಾತು. ಬೆವರು ಮತ್ತು ಕೆಂಪು ಧೂಳು ಇದಕ್ಕೆ ಶತ್ರು. ಕಡಲೆಕಾಯಿ ಬಡಿಯೋ ಕಣದಲ್ಲಿ ಮಗುವನ್ನ ಬಿಡಬೇಡಿ. ರಾತ್ರಿ ಬಿಚ್ಚಿ, ಬೀಜದ ಡಬ್ಬಿಗೆ ತೇವ ಹೀರೋ ಹರಳು ಹಾಕ್ತೀವಲ್ಲ, ಅಂಥ ಹರಳಿರೋ ಮುಚ್ಚಿದ ಡಬ್ಬಿಯಲ್ಲಿಡಿ. ತೊಟ್ಟಿಗೆ ಇಳಿಯೋ ಮುಂಚೆ ಬಿಚ್ಚಿ. ಎಂಆರ್‌ಐ ಮಾಡಿಸೋ ಸಂದರ್ಭ ಬಂದ್ರೆ ಮೊದಲು ಇಂಪ್ಲಾಂಟ್ ಇದೆ ಅಂತ ಹೇಳಲೇಬೇಕು. ಮೆದುಳು ಜ್ವರದ ಅಪಾಯ ಇರೋದ್ರಿಂದ ನ್ಯೂಮೋಕಾಕಲ್ ಲಸಿಕೆ ಆಪರೇಷನ್‌ಗೆ ಮುಂಚೆಯೇ ಹಾಕಿಸಿ.

ಇನ್ನು ನಮ್ಮ ಕಿವಿ. ಬ್ರಷ್ ಕಟರ್ ಶಬ್ದ 100 ಡೆಸಿಬಲ್ ಹತ್ತಿರ. ದಿನಕ್ಕೆ ಎಂಟು ಗಂಟೆ ತಡೆಯಬಹುದಾದದ್ದು 85. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧ ಆಗುತ್ತೆ, ಲೆಕ್ಕ ಹಾಕಿದ್ರೆ 100ಕ್ಕೆ ಬರೀ 15 ನಿಮಿಷ. ನಾವು ಅರ್ಧ ದಿನ ಹೊಡೀತೀವಿ. ಕಾಡುಹಂದಿ, ನವಿಲು ಓಡಿಸೋಕೆ ಕಾರ್ಬೈಡ್ ಗನ್ ಹೊಡೆಯೋ ಹುಡುಗರು ಕಿವಿ ಪಕ್ಕದಲ್ಲೇ ಹಿಡಿದಿರ್ತಾರೆ. ಹೀಗೆ ಹೋದ ಕಿವಿ ವಾಪಸ್ ಬರಲ್ಲ. ಇಯರ್ ಮಫ್ ಕೆಲವು ನೂರು ರೂಪಾಯಿ, ಕಟರ್ ಜೊತೆಗೇ ತಗೊಳ್ಳಿ.

ಪುಟ್ಟಿ ಈಗ ಒಂದನೇ ಕ್ಲಾಸು, ಊರಿನ ಸರ್ಕಾರಿ ಶಾಲೆ. "ರ" ಸ್ವಲ್ಪ ತೊಡರುತ್ತೆ, ಗಲಾಟೆ ಇರೋ ಕಡೆ ಮೇಷ್ಟ್ರು ಹೇಳಿದ್ದು ಸರಿಯಾಗಿ ಸಿಗಲ್ಲ, ಮುಂದಿನ ಬೆಂಚಲ್ಲಿ ಕೂರಿಸಿದಾರೆ. ಫೋನಲ್ಲಿ ನನ್ನ ಹತ್ತಿರ ಮಾತಾಡ್ತಾಳೆ, ಒಂದು ವರ್ಷದಿಂದ.

ಕೊರಟಗೆರೆಯ ಅಣ್ಣನಿಗೆ ಬಾಲ ಸ್ವಾಸ್ಥ್ಯದ ಡಾಕ್ಟರ್ ಹತ್ತಿರ ಚೀಟಿ ಬರೆಸಿಕೊಟ್ಟು ಬಂದಿದೀನಿ. ಮಗುವಿನ ಹೆಸರು ರೇಷನ್ ಕಾರ್ಡಿನಲ್ಲಿದೆ, ಅದೊಂದು ಕೆಲಸ ಉಳೀತು. ಬರೋ ಮಂಗಳವಾರ ತುಮಕೂರಿಗೆ ಹೋಗ್ತಿದಾರೆ. ಹಸು ಮಾರೋದು ಸದ್ಯಕ್ಕೆ ನಿಲ್ಲಿಸಿದಾರೆ. ಅಲ್ಲಿಗೆ ಹೋಗುವಾಗ ತಗೊಂಡು ಹೋಗಿ ಅಂತ ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ: ಮಗುವಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಮೂವರ ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಇಲ್ಲಿವರೆಗೆ ಮಾಡಿಸಿದ ಪ್ರತಿ ಪರೀಕ್ಷೆಯ ರಿಪೋರ್ಟು, ಎಲ್ಲದರ ಮೂರು ಮೂರು ಜೆರಾಕ್ಸ್, ಮಗುವಿನ ಫೋಟೋ. ಬೇರಾ ಪರೀಕ್ಷೆಗೆ ಮಗು ಮಲಗಬೇಕು, ಹಾಗಾಗಿ ಬಸ್ಸಿನಲ್ಲಿ ನಿದ್ದೆ ಮಾಡೋಕೆ ಬಿಡಬೇಡಿ.

ಹುಣಸೆ ಕಸಿ ಮುಂದಿನ ವಾರ. ಕಸಿ ಕಡ್ಡಿ ಆರಿಸೋಕೆ ಮರ ಗುರುತು ಹಾಕಿಟ್ಟುಕೊಂಡಿರಿ.